ಐವತ್ತರ ಗೆರೆ ಎಳೆದವರು ಯಾರು?

ಮೀಸಲಾತಿ ಅಂದ ಕೂಡಲೆ 'ಐವತ್ತು ದಾಟಬಾರದು' ಅಂತ ನಮಗೊಂದು ಗೆರೆ ತೋರಿಸುತ್ತಾರೆ. ಕಾಲೇಜು ಪ್ರವೇಶದ ಮೀಸಲಾತಿಗೆ ಬುಡವಾದ ಸಂವಿಧಾನದ 15(4)ನೇ ವಿಧಿಯನ್ನ ಓದಿ ನೋಡಿ, ಆ ಅಂಕಿ ಸಿಗೋದಿಲ್ಲ. ಅದು ಹುಟ್ಟಿದ್ದು ನಮ್ಮದೇ ಮೈಸೂರು ರಾಜ್ಯದ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳ ಜಗಳದಲ್ಲಿ. ಮನೆಗೆ ಮೊದಲ ಡಿಗ್ರಿ ತಂದ ನಾವು ಈ ಚರಿತ್ರೆಯನ್ನ ಬಾಯಿಪಾಠ ಮಾಡಿಕೊಳ್ಳಬೇಕು.

15(4) ಕೂಡ ಜಗಳದಿಂದಲೇ ಬಂದದ್ದು. ಮದ್ರಾಸಿನಲ್ಲಿ ಪ್ರತಿ 14 ಸೀಟನ್ನು ಜಾತಿ, ಧರ್ಮವಾರು ಹಂಚುವ ಆದೇಶವಿತ್ತು. ಬ್ರಾಹ್ಮಣರಿಗೂ 2, ಹರಿಜನರಿಗೂ 2. ಚಂಪಕಂ ದೊರೈರಾಜನ್ ಕೋರ್ಟಿಗೆ ಹೋದರು. ಮೆಡಿಕಲ್ ಕಾಲೇಜಿಗೆ ಅವರು ಅರ್ಜಿಯನ್ನೇ ಹಾಕಿರಲಿಲ್ಲ! ಆದರೂ 1951ರಲ್ಲಿ ಸುಪ್ರೀಂ ಕೋರ್ಟು ಆದೇಶವನ್ನ ರದ್ದು ಮಾಡಿತು. ಅದೇ ವರ್ಷ ಪಾರ್ಲಿಮೆಂಟು ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು ಈ ವಿಧಿ ಸೇರಿಸಿತು.

1962ರ ಜುಲೈನಲ್ಲಿ ಮೈಸೂರು ಸರ್ಕಾರ ಇದನ್ನೇ ಹಿಡಿದು ಶೇ. 68 ಸೀಟು ಮೀಸಲಿಟ್ಟಿತು. ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3. ಎರಡೇ ತಿಂಗಳಲ್ಲಿ, ಬಾಲಾಜಿ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿತು. ಜಾತಿಯೊಂದೇ ಅಳತೆಯಾಗಬಾರದು, ಮೀಸಲಾತಿ ಸ್ಥೂಲವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂದಿತು. 'ಸ್ಥೂಲವಾಗಿ' ಅಂದ ಮಾತು 1992ರ ಮಂಡಲ್ ತೀರ್ಪಿನ ಹೊತ್ತಿಗೆ, ಅಸಾಧಾರಣ ಸಂದರ್ಭ ಬಿಟ್ಟರೆ ಯಾರೂ ದಾಟಬಾರದ ಗೋಡೆಯಾಯಿತು.

ಸರ್ಕಾರವೇನೂ ಸಾಚಾ ಅಲ್ಲ. ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಯಾವ ಜಾತಿಯ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಅಂತ ನಾಗನಗೌಡ ಸಮಿತಿ ಲೆಕ್ಕ ಹಾಕಿತ್ತು. ರಾಜ್ಯದ ಸರಾಸರಿ 6.9. ಸರ್ಕಾರ 7.1 ಇದ್ದ ಲಿಂಗಾಯತರನ್ನೂ ಹಿಂದುಳಿದವರ ಪಟ್ಟಿಗೆ ಸೇರಿಸಿತು. ಬಲಿತವರು ಬಡವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡರು. ಏಟು ಬಿದ್ದದ್ದು ಇಡೀ ಪಂಕ್ತಿಗೆ.

ಆದರೆ ಬಹುಪಾಲು ಮಕ್ಕಳು ಹೈಸ್ಕೂಲಿನ ಮೆಟ್ಟಿಲೇ ಹತ್ತದಿದ್ದ ನಾಡಿನಲ್ಲಿ 'ಮೆರಿಟ್' ಅಂದರೇನು? 1964ರ ಚಿತ್ರಲೇಖ ಮೊಕದ್ದಮೆಯಲ್ಲಿ ಇದೇ ಕೋರ್ಟು ಮೈಸೂರಿನ ಕಾಲೇಜುಗಳು ಸಂದರ್ಶನಕ್ಕೆ ಅಂಕ ಕೊಡೋದನ್ನ ಒಪ್ಪಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ. ಎಲ್ಲಕ್ಕೂ ಅಂಕ. ಕೇರಿಯ ಹುಡುಗನ ವ್ಯಕ್ತಿತ್ವ ಅಳೆಯೋರು ಯಾರು? ಮೇಜಿನ ಆ ಕಡೆ ಕೂತವರು. ಅದು ಮೆರಿಟ್ಟಂತೆ, ನಮ್ಮದು ಮಾತ್ರ ಭಿಕ್ಷೆಯಂತೆ!

2019ರಲ್ಲಿ 103ನೇ ತಿದ್ದುಪಡಿ ಮೀಸಲಾತಿಯಿಲ್ಲದ ಜಾತಿಗಳ ಬಡವರಿಗೆ ಶೇ. 10ರವರೆಗೆ ದಾರಿ ಮಾಡಿತು. ದಲಿತ, ಆದಿವಾಸಿ, ಹಿಂದುಳಿದ ಜಾತಿಗಳ ಬಡವರು ಅದರ ಹೊರಗೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ಇದನ್ನ ಎತ್ತಿಹಿಡಿದರು. ಐವತ್ತರ ಮಿತಿ ಬಗ್ಗದಂಥದ್ದೇನಲ್ಲ ಅಂದರು. ಅರವತ್ತು ವರ್ಷ ನಮ್ಮೆದುರು ಗೋಡೆಯಾಗಿ ನಿಂತದ್ದು ಅವರಿಗೆ ಅಂಗಳದ ರಂಗೋಲಿಯಾಯಿತು.

ಗೆಳೆಯರೇ, ಗೆರೆ ಬಗ್ಗುವುದಾದರೆ ಎಲ್ಲರಿಗೂ ಬಗ್ಗಲಿ. ಇನ್ನು ಯಾರಾದರೂ 'ಐವತ್ತು' ಅಂದರೆ ಸುಮ್ಮನೆ ತಲೆ ತಗ್ಗಿಸಬೇಡಿ. 1962 ಅನ್ನಿ, 2022 ಅನ್ನಿ. ನಡುವೆ ಏನು ಬದಲಾಯಿತು, ಯಾರಿಗಾಗಿ ಬದಲಾಯಿತು ಅಂತ ಕೇಳಿ.