ನಗಿಸುವವನು ಗುರುವಾದಾಗ: ನಟ ಆಲ್ದೋ ಫಾಬ್ರೀಝಿ



ಸಿನಿಮಾದಲ್ಲಿ ಫಾದರ್ ಪಾತ್ರ ಬಂತೆಂದರೆ ನಮಗೆ ಮೊದಲೇ ಗೊತ್ತಿರುತ್ತದೆ: ನಿಲುವಂಗಿ, ಮೆಲುದನಿ, ಎರಡು ಬುದ್ಧಿಮಾತು. 1945ರ ಇಟಾಲಿಯನ್ ಚಿತ್ರ 'ರೋಮ್, ತೆರೆದ ನಗರ'ದ ದೋನ್ ಪಿಯೆತ್ರೊ ಹಾಗಿಲ್ಲ. ಆ ಪಾತ್ರ ಮಾಡಿದವರು ಅಲ್ಲಿಯವರೆಗೆ ಜನರನ್ನು ನಗಿಸುತ್ತಿದ್ದ ಆಲ್ದೋ ಫಾಬ್ರೀಝಿ.

ಅವರು ಹುಟ್ಟಿದ್ದು 1905ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ರೋಮಿನ ಬಡ ಕುಟುಂಬದಲ್ಲಿ. ಎಳೆವಯಸ್ಸಿನಲ್ಲೇ ತಂದೆ ತೀರಿಕೊಂಡರು. ತಾಯಿ ಮತ್ತು ಐವರು ಸಹೋದರಿಯರಿಗಾಗಿ ಶಾಲೆ ಬಿಟ್ಟು ಸಿಕ್ಕ ಕೆಲಸ ಮಾಡಿದರು. 1931ರಲ್ಲಿ ರಂಗಕ್ಕೆ ಬಂದರು. ಆಗ ಚಿತ್ರಮಂದಿರಗಳಲ್ಲಿ ಸಿನಿಮಾಕ್ಕೆ ಮೊದಲು ಹಾಸ್ಯ ಪ್ರದರ್ಶನಗಳಿರುತ್ತಿದ್ದವು. ಅಂಥ ವೇದಿಕೆಗಳಲ್ಲಿ ಅವರು ರೋಮಿನ ಆಡುಮಾತಿನಲ್ಲಿ ಬೀದಿಯ ಜನರನ್ನೇ ನಟಿಸಿ ತೋರಿಸಿದರು. 1942ರ ಮೊದಲ ಚಿತ್ರದಲ್ಲಿ ಬಸ್ ಕಂಡಕ್ಟರ್, ಮರುವರ್ಷ ಮೀನು ಮಾರುವವ.

ನಾಝಿಗಳ ಹಿಡಿತದಿಂದ ರೋಮ್ ಬಿಡುಗಡೆಯಾದದ್ದು 1944ರ ಜೂನ್ 4ರಂದು. ಕೆಲವೇ ತಿಂಗಳಲ್ಲಿ ನಿರ್ದೇಶಕ ರೊಸ್ಸೆಲ್ಲಿನಿ ಚಿತ್ರೀಕರಣ ಆರಂಭಿಸಿದರು. ದೋನ್ ಪಿಯೆತ್ರೊ ಪಾತ್ರದ ಹಿಂದೆ ಇಬ್ಬರು ನಿಜವಾದ ಗುರುಗಳಿದ್ದಾರೆ. ನಾಝಿಗಳು ಹುಡುಕುತ್ತಿದ್ದವರಿಗೆ ನೆರವಾದ ದೋನ್ ಪಿಯೆತ್ರೊ ಪಪ್ಪಗಾಲ್ಲೊ 1944ರ ಮಾರ್ಚ್ 24ರಂದು ಅರ್ದೆಯಾತೀನೆ ಗುಹೆಗಳಲ್ಲಿ ಕೊಲ್ಲಲ್ಪಟ್ಟ 335 ಜನರಲ್ಲಿ ಒಬ್ಬರು. ಪ್ರತಿರೋಧ ಹೋರಾಟಕ್ಕೆ ನೆರವಾದ ದೋನ್ ಜುಸೆಪ್ಪೆ ಮೊರೊಸೀನಿಯವರನ್ನು ಏಪ್ರಿಲ್ 3ರಂದು ಗುಂಡಿಟ್ಟು ಕೊಂದರು.

ಚಿತ್ರದಲ್ಲಿ ಫಾಬ್ರೀಝಿ ನಮ್ಮನ್ನು ಮೊದಲು ನಗಿಸುತ್ತಾರೆ. ಸೈನಿಕರು ಮನೆ ಶೋಧಿಸಲು ಬಂದಾಗ ಆಯುಧಗಳನ್ನು ಮುದುಕನೊಬ್ಬನ ಹಾಸಿಗೆಯಲ್ಲಿ ಅಡಗಿಸಿ, ಅವನು ಸಾಯುತ್ತಿದ್ದಾನೆಂದು ನಂಬಿಸಬೇಕು. ಮುದುಕ ಸುಮ್ಮನಿರದಿದ್ದಾಗ ಬಾಣಲೆಯಿಂದ ಒಂದೇಟು! ಇದೇ ಗುರುವನ್ನು ಕೊನೆಗೆ ಕುರ್ಚಿಗೆ ಕಟ್ಟಿ ಗುಂಡಿಕ್ಕುವಾಗ ನಮಗೆ ನಮ್ಮ ಮನೆಯವರೇ ಹೋದಂತಾಗುತ್ತದೆ. ಆ ನಗು ಇರದಿದ್ದರೆ ಈ ನೋವು ಇಷ್ಟು ಹತ್ತಿರ ಬರುತ್ತಿರಲಿಲ್ಲ.

ಆಮೇಲೂ ಅವರು ಒಂದೇ ಪಾತ್ರಕ್ಕೆ ಅಂಟಿಕೊಳ್ಳಲಿಲ್ಲ. 1950ರ 'ಪ್ರಥಮ ಪರಮಪ್ರಸಾದ'ದಲ್ಲಿ ಪಾಸ್ಕ ಹಬ್ಬದ ಬೆಳಿಗ್ಗೆ ಮಗಳ ಬಿಳಿ ಉಡುಪಿಗಾಗಿ ಊರೆಲ್ಲ ಓಡಾಡುವ ಸಿಡುಕ ತಂದೆ. ಅದೇ ವರ್ಷ ಸಂತ ಫ್ರಾನ್ಸಿಸರ ಕುರಿತ ರೊಸ್ಸೆಲ್ಲಿನಿ ಚಿತ್ರದಲ್ಲಿ ಕ್ರೂರ ದೊರೆ. ಅಲ್ಲಿ ಸಹೋದರರ ಪಾತ್ರ ಮಾಡಿದವರು ನಿಜವಾದ ಫ್ರಾನ್ಸಿಸ್ಕನ್ ಸನ್ಯಾಸಿಗಳು! 1951ರಲ್ಲಿ ಕಳ್ಳ ತೊತೊನ ಹಿಂದೆ ಏದುಸಿರು ಬಿಡುತ್ತ ಓಡುವ ಪೊಲೀಸ್. 1962ರಲ್ಲಿ ಮತ್ತೆ ರಂಗಕ್ಕೆ: 'ರುಗಾಂತೀನೊ' ಸಂಗೀತ ನಾಟಕದಲ್ಲಿ ಮರಣದಂಡನೆ ಜಾರಿಮಾಡುವ ಮಾಸ್ತ್ರೊ ತಿತ್ತ. ಆ ನಾಟಕ 1964ರಲ್ಲಿ ನ್ಯೂಯಾರ್ಕಿಗೂ ಹೋಯಿತು. 1974ರಲ್ಲಿ ಎತ್ತೋರೆ ಸ್ಕೋಲ ಅವರ ಚಿತ್ರದಲ್ಲಿ ದುರಾಸೆಯ ಶ್ರೀಮಂತ. 1990ರ ಏಪ್ರಿಲ್ 2ರಂದು ರೋಮಿನಲ್ಲೇ ನಿಧನರಾದರು.

ದಪ್ಪ ಮೈ, ದುಂಡು ಮುಖ. ನಾಯಕನ ರೂಪ ಅವರಿಗಿರಲಿಲ್ಲ. ಕಂಡಕ್ಟರನಿಗೂ ಹುತಾತ್ಮ ಗುರುವಿಗೂ ಅದೇ ಮುಖ ಸಾಕಾಯಿತು. ಧೈರ್ಯ ಎಂಬುದು ನಮ್ಮ ಬೀದಿಯ ಸಾಮಾನ್ಯ ಮನುಷ್ಯನಲ್ಲೂ ಇರುತ್ತದೆಂದು ನಾವು ನಂಬುವುದು ಅಂಥ ಮುಖ ಕಂಡಾಗಲೇ. ಯುವಕೂಟದಲ್ಲಿ ಒಂದು ಸಂಜೆ ಈ ಚಿತ್ರವನ್ನು ಒಟ್ಟಿಗೆ ನೋಡೋಣ. ಮುಗಿದ ಮೇಲೆ ಪಪ್ಪಗಾಲ್ಲೊ ಮತ್ತು ಮೊರೊಸೀನಿ, ಈ ಎರಡು ಹೆಸರುಗಳನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ.