ವರ್ಣಕ ತಗ್ಗಿಸುವ ಸಸ್ಯಸಾರಗಳು: ಲಿಂಬೆಯ ಪ್ರಶ್ನೆ

ಚರ್ಮದ ಕಪ್ಪು ಕಲೆಗೆ ಮದ್ದೆಂದು ಮನಗೂಳಿ, ಇಂಡಿ ಸೀಮೆಯಲ್ಲಿ ಮೊದಲು ಕೈಗೆ ಸಿಗುವುದು ಲಿಂಬೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆದರೆ ಅದರ ರಸ ಮುಖಕ್ಕೆ ತಕ್ಕುದಲ್ಲ. ಚರ್ಮದ ವರ್ಣಕವಾದ ಮೆಲನಿನ್ ಹುಟ್ಟಲು ಟೈರೋಸಿನೇಸ್ ಕಿಣ್ವ ಬೇಕು; ಸಿ ಜೀವಸತ್ವ ಆ ಕ್ರಿಯೆಗೆ ಅಡ್ಡ ಬರುತ್ತದೆ, ನಿಜ. ಆದರೆ ಅದೇ ಹಣ್ಣಿನಲ್ಲಿ, ಸಿಪ್ಪೆಯಲ್ಲಂತೂ ಹೆಚ್ಚಾಗಿ, ಬಿಸಿಲು ಬಿದ್ದಾಗ ಚರ್ಮವನ್ನು ಸುಡುವ ಬರ್ಗಾಪ್ಟೆನ್‌ನಂಥ ಫ್ಯೂರನೊಕೂಮರಿನ್‌ಗಳಿವೆ. ರಸ ಮೆತ್ತಿದ ಚರ್ಮಕ್ಕೆ ಬಿಸಿಲು ತಾಗಿದರೆ ಒಂದೆರಡು ದಿನದಲ್ಲಿ ಕೆಂಪೇರಿ, ಗುಳ್ಳೆ ಎದ್ದು, ರಸ ಹರಿದ ಗೆರೆಯ ಆಕಾರದಲ್ಲೇ ಕಂದು ಪಟ್ಟೆ ಉಳಿಯುತ್ತದೆ. ಮಾಸಲು ತಿಂಗಳುಗಳೇ ಬೇಕು. ಅಜ್ಜಿಯರ ಕಾಲದಿಂದ ಹಚ್ಚಿದರೂ ಏನೂ ಆಗಿಲ್ಲ ಎನ್ನುವವರುಂಟು. ರಾತ್ರಿ ಹಚ್ಚಿ ತೊಳೆದವರು ಪಾರಾಗಿರಬಹುದು. ಹೊಲದ ಬಿಸಿಲಿಗೆ ಇಳಿಯುವವರು ಅದನ್ನು ನಂಬುವಂತಿಲ್ಲ. ಲಿಂಬೆಯ ಬದಲಿಗೆ ಜೇಷ್ಠಮಧುವಿದೆ; ಅದರಲ್ಲಿನ ಗ್ಲಾಬ್ರಿಡಿನ್ ಅದೇ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ, ಈ ಬಿಸಿಲ ಕಾಟವಿಲ್ಲದೆ.