‘ನಾವು ಸ್ವರ್ಗಕ್ಕೆ, ಅವರು ಮಣ್ಣಿಗೆ’: ನಾಯಕರ ದೇವರು ಅಣುಬಾಂಬಿನ ಲೆಕ್ಕಕ್ಕೆ ಬಂದಾಗ

2018ರ ಅಕ್ಟೋಬರ್‌. ರಷ್ಯಾದ ಸೋಚಿ ನಗರದಲ್ಲಿ ನಡೆದ ವಲ್ದಾಯ್‌ ಸಂವಾದದಲ್ಲಿ ಅಣ್ವಸ್ತ್ರ ಬಳಕೆಯ ಬಗ್ಗೆ ವ್ಲಾದಿಮಿರ್‌ ಪುಟಿನ್‌ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನಮ್ಮ ಮೇಲೆ ದಾಳಿಯಾದರೆ ಮಾತ್ರ ತಿರುಗೇಟು. ಆಗ ನಾವು ಹುತಾತ್ಮರಾಗಿ ಸ್ವರ್ಗಕ್ಕೆ ಹೋಗುತ್ತೇವೆ, ಅವರು ಸುಮ್ಮನೆ ಸಾಯುತ್ತಾರೆ; ಪಶ್ಚಾತ್ತಾಪ ಪಡೋಕೂ ಅವರಿಗೆ ಟೈಮ್‌ ಸಿಗಲ್ಲ.

ಇದನ್ನು ಡೈಲಾಗ್‌ ಅಂತ ತಳ್ಳಿಹಾಕಬಹುದಿತ್ತು. ಆದರೆ ಅಣ್ವಸ್ತ್ರ ರಾಜಕಾರಣ ನಿಂತಿರೋದೇ ಒಂದು ಊಹೆಯ ಮೇಲೆ: ಎದುರಾಳಿಗೂ ಜೀವದ ಮೇಲೆ ಆಸೆ ಇದೆ. ನೀನು ಹೊಡೆದರೆ ನಾನೂ ಹೊಡೀತೀನಿ, ಇಬ್ಬರೂ ಉಳಿಯಲ್ಲ, ಹಾಗಾಗಿ ಇಬ್ಬರೂ ಸುಮ್ಮನಿರೋಣ. ‘ಡಿಟರೆನ್ಸ್‌’ ಅಂತ ಕರೆಯೋದು ಇದನ್ನೇ. ‘ಸತ್ತರೆ ನಮಗೆ ಸ್ವರ್ಗ’ ಅನ್ನೋ ಮಾತು ಈ ಲೆಕ್ಕದ ಬುಡಕ್ಕೇ ಕೈ ಹಾಕುತ್ತೆ. ಹೇಳಿದವರು ಅದನ್ನು ನಂಬುತ್ತಾರೋ ಇಲ್ಲವೋ ಆಮೇಲಿನ ಮಾತು. ಕೇಳಿಸಿಕೊಂಡವರಿಗೆ ‘ಇವರು ಸಾಯೋಕೂ ರೆಡಿ ಇರಬಹುದು’ ಅನ್ನಿಸಿದರೆ ಬೆದರಿಕೆ ಕೆಲಸ ಮಾಡಿದ ಹಾಗೆ. ಅಪಾಯ ಇರೋದೂ ಅಲ್ಲೇ: ‘ಇವರು ಹೇಗೂ ಹೊಡೀತಾರೆ, ನಾವೇ ಮೊದಲು ಹೊಡೆಯೋಣ’ ಅಂತ ಎದುರಾಳಿ ತೀರ್ಮಾನಿಸಿದರೆ?

ಮಠದ ಊರು, ಬಾಂಬಿನ ಊರು

ಪುಟಿನ್‌ ಮಾತು ಗಾಳಿಯಿಂದ ಹುಟ್ಟಿದ್ದಲ್ಲ. ಮಾಸ್ಕೋದ ಪೂರ್ವಕ್ಕೆ ಸಾರೋವ್‌ ಅಂತ ಊರಿದೆ. ಸೆರಾಫಿಮ್‌ ಎಂಬ ಸಂತ ಬದುಕಿದ್ದ ಮಠ ಅಲ್ಲಿತ್ತು. 1903ರಲ್ಲಿ ಆರ್ಥೊಡಾಕ್ಸ್‌ ಚರ್ಚ್‌ ಅವರಿಗೆ ಸಂತ ಪದವಿ ಕೊಟ್ಟಿತು. 1920ರ ದಶಕದಲ್ಲಿ ಸೋವಿಯತ್‌ ಸರ್ಕಾರ ಮಠ ಮುಚ್ಚಿಸಿತು. 1946ರಲ್ಲಿ ಅದೇ ಜಾಗದಲ್ಲಿ ಬಾಂಬ್‌ ವಿನ್ಯಾಸ ಕೇಂದ್ರ ಶುರುವಾಯಿತು, ಊರು ಭೂಪಟದಿಂದಲೇ ಮಾಯವಾಯಿತು. 1949ರಲ್ಲಿ ಸ್ಫೋಟಿಸಿದ ಮೊದಲ ಸೋವಿಯತ್‌ ಬಾಂಬ್‌ ತಯಾರಾಗಿದ್ದು ಇಲ್ಲೇ.

ಸೋವಿಯತ್‌ ಒಕ್ಕೂಟ ಕುಸಿದಾಗ ಈ ವಿಜ್ಞಾನಿಗಳಿಗೆ ಸರಿಯಾಗಿ ಸಂಬಳವೂ ಇರಲಿಲ್ಲ, ಸಮಾಜದಲ್ಲಿ ಮರ್ಯಾದೆಯೂ ಇರಲಿಲ್ಲ. ಆಗ ಅವರ ಪರ ನಿಂತಿದ್ದು ಚರ್ಚ್‌. ನಿಧಾನವಾಗಿ ಸಂತ ಸೆರಾಫಿಮ್‌ ಅಣ್ವಸ್ತ್ರಗಳನ್ನು ಕಾಯುವ ಸಂತರಾದರು. ಕ್ಷಿಪಣಿಗಳಿಗೆ ಪಾದ್ರಿಗಳು ತೀರ್ಥ ಚಿಮುಕಿಸಿದರು, ಸಬ್‌ಮರೀನ್‌ಗಳಿಗೆ ಸಂತರ ಚಿತ್ರಪಟಗಳು ಬಂದವು. ಇಸ್ರೇಲಿ ವಿದ್ವಾಂಸ ದಿಮಿತ್ರಿ ಅದಾಮ್‌ಸ್ಕಿ 2019ರಲ್ಲಿ ಇದರ ಮೇಲೆ ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಅವರ ಮುಖ್ಯ ವಾದ: ಇದು ಪುಟಿನ್‌ ಆಜ್ಞೆಯಿಂದ ಶುರುವಾಗಿದ್ದಲ್ಲ, ಕೆಳಗಿನಿಂದ ಬೆಳೆದು ಬಂದದ್ದು, ನಂತರ ಮೇಲಿನವರು ಎತ್ತಿಕೊಂಡರು. 2007ರಲ್ಲಿ ಪುಟಿನ್‌, ಸಾಂಪ್ರದಾಯಿಕ ಧರ್ಮಗಳು ಮತ್ತು ಅಣ್ವಸ್ತ್ರ ಕವಚ ಎರಡೂ ರಷ್ಯಾ ಪ್ರಭುತ್ವವನ್ನು ಬಲಪಡಿಸುತ್ತವೆ ಎಂದರು. 2023ರಲ್ಲಿ ಚರ್ಚಿನ ಮುಖ್ಯಸ್ಥ ಕಿರಿಲ್‌, ಸೆರಾಫಿಮರ ರಕ್ಷಣೆಯಲ್ಲಿ ದೈವಸಂಕಲ್ಪದಿಂದಲೇ ಈ ಅಸ್ತ್ರಗಳು ಹುಟ್ಟಿದವು ಅಂದರು. ಮರುವರ್ಷ ನವೆಂಬರ್‌ನಲ್ಲಿ ರಷ್ಯಾ ತನ್ನ ಅಣ್ವಸ್ತ್ರ ಬಳಕೆಯ ಷರತ್ತುಗಳನ್ನು ಸಡಿಲಿಸಿತು. ಅದಕ್ಕೆ ಕಾರಣ ಉಕ್ರೇನ್‌ ಯುದ್ಧವೇ ಹೊರತು ಸಂತರಲ್ಲ. ಆದರೆ ಇಂಥ ನಿರ್ಧಾರಕ್ಕೆ ‘ಪುಣ್ಯಕಾರ್ಯ’ದ ಬಣ್ಣ ಬಳಿಯೋಕೆ ಬೇಕಾದ ಭಾಷೆ ಅಷ್ಟರಲ್ಲಿ ಸಿದ್ಧವಾಗಿತ್ತು.

ಆಯುಧಪೂಜೆ ದಿನ ಬಸ್ಸಿಗೆ, ಲೇತ್‌ ಮಷೀನಿಗೆ ಕುಂಕುಮ ಹಚ್ಚುವ ನಮಗೆ ಇದೆಲ್ಲ ವಿಚಿತ್ರ ಅನ್ನಿಸದೇ ಇರಬಹುದು. ಲೇತ್‌ ಮಷೀನ್‌ ಊರು ಸುಡಲ್ಲ, ಅಷ್ಟೇ ವ್ಯತ್ಯಾಸ. ರಷ್ಯಾದ ಚರ್ಚಿನೊಳಗೂ ಈ ಅಳುಕು ಇದೆ: ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಆಶೀರ್ವದಿಸುವುದು ಬೇಡ ಎಂಬ ಕರಡು 2020ರಲ್ಲಿ ಚರ್ಚೆಗೆ ಬಂದಿತ್ತು.

ಅದೇ ನಂಬಿಕೆ, ಉಲ್ಟಾ ದಾರಿ

ಹಾಗಂತ ‘ಧಾರ್ಮಿಕ ನಾಯಕ ಅಂದರೆ ಅಪಾಯ’ ಅಂತ ಸೂತ್ರ ಬರೆಯೋಕಾಗಲ್ಲ. ಅಮೆರಿಕದ ರೊನಾಲ್ಡ್‌ ರೇಗನ್‌ ಬೈಬಲ್‌ನ ಅಂತಿಮ ಮಹಾಯುದ್ಧ ‘ಆರ್ಮಗೆಡ್ಡಾನ್‌’ ಬಗ್ಗೆ ಎಷ್ಟು ಮಾತಾಡುತ್ತಿದ್ದರೆಂದರೆ, 1984ರ ಚುನಾವಣಾ ಚರ್ಚೆಯಲ್ಲೇ ಆ ಕುರಿತು ಅವರನ್ನು ಪ್ರಶ್ನಿಸಲಾಯಿತು. ಅದು ಸಾವಿರ ವರ್ಷ ಆಚೆಗಿದೆಯೋ ನಾಡಿದ್ದೇ ಇದೆಯೋ ಯಾರಿಗೂ ಗೊತ್ತಿಲ್ಲ, ಅದನ್ನು ನಂಬಿ ನಾನು ಯೋಜನೆ ಮಾಡಿಲ್ಲ ಎಂದರು ಅವರು. ಮರುವರ್ಷ ಗೋರ್ಬಚೇವ್‌ ಜೊತೆ ಸೇರಿ, ಅಣ್ವಸ್ತ್ರ ಯುದ್ಧದಲ್ಲಿ ಗೆಲುವಿಲ್ಲ, ಅದು ನಡೆಯಲೇಬಾರದು ಎಂದು ಘೋಷಿಸಿದರು. 1987ರಲ್ಲಿ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳನ್ನು ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಜಗತ್ತಿನ ಅಂತ್ಯವನ್ನು ಕಣ್ಣೆದುರು ಕಲ್ಪಿಸಿಕೊಂಡವರಿಗೆ ಅದರ ಭಯವೂ ಹೆಚ್ಚಿರಬಹುದು!

ಇರಾನ್‌ದು ಮೂರನೇ ಥರ. ಅಣ್ವಸ್ತ್ರ ಇಸ್ಲಾಂನಲ್ಲಿ ನಿಷಿದ್ಧ ಎಂಬ ಖಮೇನಿ ಫತ್ವಾವನ್ನು ಇರಾನ್‌ 2005ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಂದಿಟ್ಟಿತು. 2021ರಲ್ಲಿ ಯುರೇನಿಯಂ ಸಂವರ್ಧನೆಯನ್ನು ಶೇ 60ಕ್ಕೆ ಏರಿಸಿತು. ಧರ್ಮ ಇಲ್ಲಿ ಬೆದರಿಕೆಯಾಗಿ ಅಲ್ಲ, ಭರವಸೆಯಾಗಿ ಬಂತು. ಆ ಭರವಸೆಯನ್ನು ಅಳೆಯೋಕೆ ಯಾವ ಮೀಟರೂ ಇಲ್ಲ.

ಯಾರು ‘ಬೇಡ’ ಅನ್ನಬಲ್ಲರು?

ನಾಯಕರ ಎದೆಯೊಳಗೆ ಇಣುಕಿ ನೋಡೋದು ಸಾಧ್ಯವಿಲ್ಲ. ಅದಕ್ಕಿಂತ ಅವರ ಸುತ್ತ ಏನಿದೆ ನೋಡಿ. ಅಮೆರಿಕದಲ್ಲಿ ಅಣ್ವಸ್ತ್ರ ದಾಳಿಗೆ ಆದೇಶಿಸುವ ಅಧಿಕಾರ ಅಧ್ಯಕ್ಷರೊಬ್ಬರದ್ದೇ, ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಭಾರತದಲ್ಲಿ 2003ರ ನೀತಿಯ ಪ್ರಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ ಅನುಮತಿ ಕೊಡಬಹುದು, ಮೊದಲ ಬಳಕೆ ಇಲ್ಲ ಅನ್ನೋದೂ ಅದೇ ನೀತಿಯಲ್ಲಿದೆ. ಆದರೆ ಭಾಷೆ ನಮ್ಮಲ್ಲೂ ಬದಲಾಗಿದೆ. ಪೋಖ್ರಾನ್‌ನಲ್ಲಿ 1974 ಮತ್ತು 1998ರಲ್ಲಿ ಪರೀಕ್ಷೆಗಳು ನಡೆದವು, ಎರಡನೆಯದು ಶುರುವಾಗಿದ್ದು ಬುದ್ಧ ಪೂರ್ಣಿಮೆಯಂದು. ಎರಡನೆಯದರ ಬೆನ್ನಿಗೇ ಅಲ್ಲಿ ಶಕ್ತಿ ದೇಗುಲ ಕಟ್ಟುವ ಮಾತನ್ನು ವಿಶ್ವ ಹಿಂದೂ ಪರಿಷತ್‌ ಆಡಿತ್ತು. 2019ರ ಚುನಾವಣಾ ಭಾಷಣದಲ್ಲಿ ನರೇಂದ್ರ ಮೋದಿ, ನಮ್ಮ ಅಣುಬಾಂಬುಗಳನ್ನೇನು ದೀಪಾವಳಿಗೆ ಇಟ್ಟುಕೊಂಡಿದ್ದೇವಾ ಎಂದು ಕೇಳಿದ್ದು ಪೋಖ್ರಾನ್‌ನಿಂದ ಹೆಚ್ಚು ದೂರವಿಲ್ಲದ ಬಾಡ್ಮೇರ್‌ನಲ್ಲಿ.